ಎಲೆಯವನ ವರದಿ

ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನನಗಿದ್ದ ಒಂದೇ ಒಂದು ಅಧಿಕಾರವನ್ನು ಹೋದ ತಿಂಗಳು ಹಿಂತೆಗೆದುಕೊಳ್ಳಲಾಯಿತು. ಇದಕ್ಕಾಗಿ ಸಭೆ ಸೇರಲಿಲ್ಲ, ನೋಟಿಸು ಬರಲಿಲ್ಲ, ನನ್ನ ಸಮಜಾಯಿಷಿಯನ್ನು ಯಾರೂ ಬರವಣಿಗೆಯಲ್ಲಿ ಕೇಳಲಿಲ್ಲ. ಸೊಸೆ ಊಟದ ಮೇಜಿನ ಬಳಿ ನಿಂತು ತನ್ನ ಫೋನಿನ ಮೇಲೆ ಎರಡು ಸಲ ಬೆರಳಾಡಿಸಿದಳು, ಅಷ್ಟೆ. ಹತ್ತು ವರ್ಷದ ಮೊಮ್ಮಗಳನ್ನು ಗೇಟಿನಿಂದಾಚೆ ಬಿಡಬಹುದು ಎಂದು ಹೇಳುವ ಹಕ್ಕು, ಮೈಲಾಪೂರಿನ ಬೀದಿಗಳನ್ನು ಅರವತ್ತು ವರ್ಷ ಸವೆಸಿದ ನನಗೆ ಆ ಕ್ಷಣದಿಂದ ಇಲ್ಲವಾಯಿತು. ವಾಚ್‌ಮನ್‌ಗೆ ಆ ಹಕ್ಕು ಇದೆಯೋ ಇಲ್ಲವೋ ನಾನು ವಿಚಾರಿಸಿಲ್ಲ. ಇದೆ ಅಂದುಬಿಟ್ಟರೆ ಎಂಬ ಭಯ.

ಈ ಏರ್ಪಾಡನ್ನು ಅರಿಯದ ಪುಣ್ಯವಂತರಿಗೆ ಎರಡು ಮಾತು. ದೇವಸ್ಥಾನದ ಕೊಳದಿಂದ ಎರಡು ಬೀದಿ ಆಚೆ, ಒಂದು ಕಾಲಕ್ಕೆ ಹಂಚಿನ ಮನೆಯೂ ಬೇವಿನ ಮರವೂ ಸೇದುವ ಬಾವಿಯೂ ಇದ್ದ ನಿವೇಶನದಲ್ಲಿ ಈಗ ನಾಲ್ಕು ಅಂತಸ್ತು ಎದ್ದಿದೆ. ಎರಡನೆಯ ಅಂತಸ್ತಿನಲ್ಲಿ ಮಗ, ಸೊಸೆ, ಮೊಮ್ಮಗಳು ಮತ್ತು ಅವರ ಕೃಪೆಯಿಂದ ನಾನು. ಮಕ್ಕಳು ಯಾರಾದರೂ ಗೇಟು ದಾಟಬೇಕಾದರೆ ವಾಚ್‌ಮನ್ ತನ್ನ ಫೋನಿನಲ್ಲಿ ಅರ್ಜಿ ಸಲ್ಲಿಸುತ್ತಾನೆ. ಮನೆಯ ಹಿರಿಯರೊಬ್ಬರು ತಮ್ಮ ಫೋನಿನಲ್ಲಿ ಹಸಿರು ಗುಂಡಿ ಒತ್ತಿ ಮಂಜೂರು ಮಾಡಬೇಕು. ಅರ್ಜಿಯಿಲ್ಲದೆ ಓಡಾಡುವ ಸೌಲಭ್ಯ ಈ ಕಟ್ಟಡದಲ್ಲಿ ಬೆಕ್ಕೊಂದಕ್ಕೆ ಮಾತ್ರ ಇದೆ. ಅದೂ ಮನೆ ಬಾಡಿಗೆ ಕೊಡದ ಬೆಕ್ಕು.

ನನ್ನ ಮೇಲಿನ ಆರೋಪವೇನು ಎಂದು ಹೇಳುವ ಮುಂಚೆ ನನ್ನ ಬಾಲ್ಯದ ಬಗ್ಗೆ ಹೇಳಬೇಕು. ಆರೋಪದ ಬೇರು ಅಲ್ಲಿದೆ.

ನನ್ನ ಅಪ್ಪ ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದು, ಬೇರೆಯವರ ಹೋಟೆಲಿನಲ್ಲಿ ವರ್ಷಗಟ್ಟಲೆ ಹಿಟ್ಟು ರುಬ್ಬಿ, ಆಮೇಲೆ ಮೈಲಾಪೂರಿನಲ್ಲಿ ಸ್ವಂತಕ್ಕೊಂದು ಸಣ್ಣ ಸಸ್ಯಾಹಾರಿ ಹೋಟೆಲು ಹಾಕಿದವರು. ಕೋಳಿ ಕೂಗುವ ಮೊದಲೇ ಹೋದರೆ ನಾವು ಮಲಗಿದ ಮೇಲೆ ಬರುವರು. ಅಮ್ಮನಿಗೆ ನನ್ನ ಕೆಳಗೆ ಮೂರು ಮಕ್ಕಳು. ಹೀಗಾಗಿ ನನ್ನ ಬಾಲ್ಯದ ಆಡಳಿತವನ್ನು ಯಾರೂ ವಹಿಸಿಕೊಂಡಿರಲಿಲ್ಲ. ಖಾಲಿ ಬಿದ್ದ ಹುದ್ದೆ, ನಾನೇ ತುಂಬಿದೆ.

ಶಾಲೆ ಬಿಟ್ಟ ಗಳಿಗೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ ನಾನು ಎಲ್ಲಿದ್ದೇನೆಂದು ನನಗೊಬ್ಬನಿಗೇ ಗೊತ್ತು; ಕೆಲವು ಸಲ ನನಗೂ ಗೊತ್ತಿರುತ್ತಿರಲಿಲ್ಲ. ಕೊಳದ ಮೆಟ್ಟಿಲ ಮೇಲೆ ಗೋಲಿ. ಸಾಂತೋಮಿನ ಕಡಲತಡಿಯ ಮರಳಿನಲ್ಲಿ, ಬಲೆ ಒಣಗಿಸುವವರ ಬೈಗುಳದ ನಡುವೆ ಕ್ರಿಕೆಟ್. ಒಂಬತ್ತನೆಯ ವಯಸ್ಸಿಗೆ ಬಸ್ಸಿನ ಹಿಂದಿನ ಮೆಟ್ಟಿಲಲ್ಲಿ ಜೋತುಕೊಂಡು ಪ್ಯಾರಿಸ್ ಕಾರ್ನರಿಗೆ ಹೋಗಿ, ಅಲ್ಲಿಂದ ಸೌಕಾರ್‌ಪೇಟೆಯ ಓಣಿಗಳಲ್ಲಿ ಗಾಳಿಪಟದ ದಾರ ಹುಡುಕಿ, ಭಾಷೆ ತಿಳಿಯದ ಸೇಠ್‌ಗಳ ಹತ್ತಿರ ಕೈಸನ್ನೆಯಲ್ಲಿ ಚೌಕಾಸಿ ಮಾಡಿದವನು ನಾನು. ಹಸಿವಾದರೆ ದಾರಿಯಲ್ಲಿ ಸಿಕ್ಕ ಯಾವುದಾದರೂ ನಮ್ಮ ಕಡೆಯವರ ಹೋಟೆಲಿಗೆ ನುಗ್ಗಿ, ಗಲ್ಲೆಯ ಮೇಲೆ ಕೂತವರಿಗೆ ಇಂಥವರ ಮಗ ಎಂದರೆ ಸಾಕು, ಒಂದು ಬೋಂಡಾ, ಅರ್ಧ ಲೋಟ ಕಾಫಿ. ಅವರು ಕೇಳುವುದು ಒಂದೇ ಪ್ರಶ್ನೆ: "ಹ್ವಾಯ್, ಅಪ್ಪಯ್ಯ ಹ್ಯಾಂಗಿದ್ರ್?" ಇದ್ದಾರೆ ಎಂದು ಹೇಳಿ ಬಾಯಿ ಒರೆಸಿಕೊಂಡು ಹೊರಟರೆ ಲೋಕ ನನ್ನದು.

ಇದನ್ನೆಲ್ಲ ನಾನು ಮೊಮ್ಮಗಳಿಗೆ ಹೇಳುತ್ತಾ ಬಂದೆ. ಅವಳಿಗೆ ಆರು ತುಂಬಿದಂದಿನಿಂದ, ದೋಸೆಗೊಂದು ಕತೆಯ ಲೆಕ್ಕದಲ್ಲಿ. ಸೊಸೆಯ ಆಕ್ಷೇಪಣೆ ಇರಲಿಲ್ಲ. ಕತೆ ನಡೆಯುವಾಗ ಮಗು ಚಟ್ನಿಯನ್ನೂ ತಿನ್ನುತ್ತಿತ್ತು. ನನ್ನ ಉದ್ದೇಶ ಶುದ್ಧವಾಗಿತ್ತು ಎಂದು ಪ್ರಮಾಣ ಮಾಡಲಾರೆ. ಈ ಮಗು ಬೆಳೆಯುವ ರೀತಿ ನನಗೆ ಸರಿಬರುತ್ತಿರಲಿಲ್ಲ. ವ್ಯಾನು ಬಾಗಿಲಿಂದ ಬಾಗಿಲಿಗೆ. ಈಜು, ಹೆಂಚು ಹಾಸಿದ ತೊಟ್ಟಿಯಲ್ಲಿ, ಸೀಟಿ ಊದುವ ಮಾಸ್ತರರ ಕಣ್ಣ ಕೆಳಗೆ. ಗೆಳತಿಯ ಜೊತೆ ಆಟ ಎಂದರೆ ಎರಡು ಮನೆಯ ತಾಯಂದಿರು ಮೂರು ದಿನ ಮೊದಲು ಫೋನಿನಲ್ಲಿ ಮಾತಾಡಿ ಗೊತ್ತುಮಾಡುವ ವ್ಯವಹಾರ. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕೂ ಇಷ್ಟು ಮಾತುಕತೆ ಆಗುತ್ತಿರಲಿಲ್ಲ. ಮಣಿಕಟ್ಟಿನ ಪಟ್ಟಿ ಅವಳು ದಿನಕ್ಕೆ ಎಷ್ಟು ಹೆಜ್ಜೆ ನಡೆದಳೆಂದು ಹೇಳುತ್ತದೆ. ಎಲ್ಲಿಂದ ಎಲ್ಲಿಗೆ ಎಂದು ಕೇಳಬಾರದು. ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ.

ಒಂದು ಸಂಜೆ ಕೇಳಿದೆ, ಸಮುದ್ರ ಇಲ್ಲಿಂದ ಯಾವ ದಿಕ್ಕಿಗಿದೆ ಹೇಳು. ಅವಳು ಸ್ವಲ್ಪ ಯೋಚಿಸಿ ಕಾರು ನಿಲ್ಲುವ ಜಾಗದ ಕಡೆ ಕೈ ತೋರಿಸಿದಳು. ತಪ್ಪಲ್ಲ. ಅವಳಿಗೆ ಸಮುದ್ರ ಯಾವಾಗಲೂ ಅಲ್ಲಿಂದಲೇ ಶುರುವಾಗುತ್ತಿತ್ತು.

ಈಗ ನನ್ನ ಕತೆಯಲ್ಲಿ ನಾನು ಬಿಟ್ಟ ಭಾಗಕ್ಕೆ ಬರುತ್ತೇನೆ. ಬಿಟ್ಟದ್ದು ಎರಡು.

ಮೊದಲನೆಯದು. ಸಾಂತೋಮಿನ ಮರಳಿಗೆ ಹೋಗುತ್ತಿದ್ದವರು ನಾವು ನಾಲ್ವರು ಎಂದು ಮೊಮ್ಮಗಳಿಗೆ ಹೇಳುತ್ತಿದ್ದೆ. ನಾವು ಐವರು. ಐದನೆಯವನು ನಮ್ಮ ಹಿಂದಿನ ಬೀದಿಯ ಟೈಲರ್ ಮಗ, ಎಡಗೈಯಲ್ಲಿ ಬೌಲ್ ಮಾಡುವವನು. ನಮಗೆ ಹತ್ತು ತುಂಬಿದ ವರ್ಷ ಒಂದು ಮಧ್ಯಾಹ್ನ, ನೀರಿಗೆ ಬಿದ್ದ ಚೆಂಡನ್ನು ತರುತ್ತೇನೆಂದು ಹೋದ. ಚೆಂಡು ಬಂತು. ನಾವು ನಾಲ್ವರು ಮರಳಿನ ಮೇಲೆ ನಿಂತು ಕೂಗಿದೆವು. ಆ ಹೊತ್ತಿಗೆ ಬಲೆ ಒಣಗಿಸುವವರೂ ಮನೆಗೆ ಹೋಗಿದ್ದರು; ಅಲ್ಲಿ ದೊಡ್ಡವರು ಒಬ್ಬರೂ ಇರಲಿಲ್ಲ. ಆ ಸ್ವಾತಂತ್ರ್ಯದ ಬಗ್ಗೆಯೇ ನಾನು ಅಷ್ಟು ವರ್ಷ ಕತೆ ಹೇಳಿದ್ದು.

ಅಪ್ಪ ನನ್ನನ್ನು ಹೊಡೆಯಲಿಲ್ಲ. ಸಮುದ್ರಕ್ಕೆ ಹೋಗಬೇಡ ಎಂದೂ ಹೇಳಲಿಲ್ಲ. ನಾಲ್ಕನೆಯ ದಿನ ಹೋಟೆಲಿಗೆ ಹೊರಡುವಾಗ ಬಾಗಿಲಲ್ಲಿ ನಿಂತು, "ಹೊತ್ ಕಂತುಕ್ ಮುಂಚೆ ಮನಿಗ್ ಬಾ ಮಗಾ" ಎಂದರು. ಅಷ್ಟೆ. ಒಂದು ವಾರದಲ್ಲಿ ನಾನು ಮತ್ತೆ ಬೀದಿಯಲ್ಲಿದ್ದೆ. ಎಂಥ ದೊಡ್ಡ ಮನಸ್ಸಿನ ಅಪ್ಪ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡು ಬೆಳೆದೆ.

ಎರಡನೆಯದು. ಆಗೆಲ್ಲ ಹೋಟೆಲುಗಳಿಗೆ ಬಾಳೆ ಎಲೆ ಹಾಕುವವನೊಬ್ಬನಿದ್ದ. ತಮಿಳಿನವನು, ತಿರುನೆಲ್ವೇಲಿ ಕಡೆಯಿಂದ ಬಂದವನು. ಕೊತ್ವಾಲ್ ಚಾವಡಿಯ ಮಂಡಿಯಲ್ಲಿ ಎಲೆ ಹೊತ್ತು, ಸೈಕಲ್ಲಿನ ಹಿಂದೆ ಆಳೆತ್ತರದ ಕಟ್ಟು ಕಟ್ಟಿ, ಸೌಕಾರ್‌ಪೇಟೆಯಿಂದ ಮೈಲಾಪೂರಿನವರೆಗೆ ನಮ್ಮ ಕಡೆಯವರ ಒಂದೊಂದು ಹೋಟೆಲಿಗೂ ಎಲೆ ಇಳಿಸುತ್ತಾ ಬರುವನು. ಅವನ ಕೊನೆಯ ನಿಲ್ದಾಣ ಅಪ್ಪನ ಹೋಟೆಲು. ಅಲ್ಲಿ ಒಂದು ಕಾಫಿ ಕುಡಿದು, ಅಪ್ಪನ ಗಲ್ಲೆಯ ಪಕ್ಕ ನಿಂತು ಏನೋ ಗೊಣಗಿ ಹೋಗುವನು. ಎಲೆಯ ಲೆಕ್ಕ ಎಂದುಕೊಂಡಿದ್ದೆ. ಅಪ್ಪ ತೀರಿಕೊಂಡು ಹದಿಮೂರನೆಯ ದಿನ, ಹಣ್ಣುಹಣ್ಣಾದ ಆ ಮನುಷ್ಯ ಊಟಕ್ಕೆ ಬಂದಿದ್ದ. ನನ್ನ ಪಕ್ಕದ ಎಲೆ ಅವನದು. ಪಾಯಸ ಬಡಿಸುವ ಹೊತ್ತಿಗೆ ನಕ್ಕು ಹೇಳಿದ:

"ತಂಬಿ, ಉನ್ನಾಲೆ ಎನಕ್ಕು ಎವ್ವಳವು ಅಲೈಚ್ಚಲ್ ತೆರಿಯುಮಾ? ಒಂದೊಂದು ಹೋಟೆಲಲ್ಲೂ ಎಲೆ ಇಳಿಸೋ ಮುಂಚೆ ಕೇಳ್ಬೇಕು, ನಮ್ಮ ಪೈಯನ್ ಬಂದಿದ್ನಾ ಅಂತ. ಸಾಯಂಕಾಲ ನಿಮ್ಮಪ್ಪಾಗೆ ಸೊಲ್ಲಣುಂ. ಸೊಲ್ಲಲೇನಾ ಕಾಫಿ ಕಿಡೆಯಾದು!"

ನನ್ನಿಂದ ಅವನಿಗೆ ಎಷ್ಟು ಅಲೆದಾಟ, ಅಪ್ಪನಿಗೆ ಹೇಳದಿದ್ದರೆ ಕಾಫಿಯೂ ಇಲ್ಲ ಎಂದು ದೂರು. ಟೈಲರ್ ಮಗ ಹೋದಂದಿನಿಂದ, ನನ್ನ ಹತ್ತನೆಯ ವಯಸ್ಸಿನಿಂದ ಹದಿನಾಲ್ಕರವರೆಗೆ, ನಾನು ಈ ಮಹಾನಗರವನ್ನು ಒಬ್ಬನೇ ಗೆದ್ದೆನೆಂದುಕೊಂಡ ನಾಲ್ಕು ವರ್ಷ, ಪ್ರತಿದಿನ ಸಂಜೆ ನನ್ನ ದಿಗ್ವಿಜಯದ ವರದಿ ಅಪ್ಪನ ಗಲ್ಲೆಗೆ ತಲುಪುತ್ತಿತ್ತು. ಆ ವರ್ಷಗಳ ಪುಕ್ಕಟೆ ಬೋಂಡಾಗಳೆಲ್ಲ ಹಾಜರಿ ಹಾಕಿದ್ದಕ್ಕೆ ಸಿಕ್ಕವು. ನನಗಾಗ ನಲವತ್ತು ದಾಟಿತ್ತು. ಎಲೆಯ ಮೇಲಿನ ಪಾಯಸವನ್ನು ಹಾಗೇ ಬಿಟ್ಟು ಎದ್ದೆ. ಅಪ್ಪನ ಮೇಲೆ ಬಂದ ಸಿಟ್ಟನ್ನು ಅವರ ಹದಿಮೂರನೆಯ ದಿನ ತೋರಿಸುವುದಾದರೂ ಹೇಗೆ?

ಇವೆರಡನ್ನೂ ಮೊಮ್ಮಗಳಿಗೆ ಹೇಳಲಿಲ್ಲ. ಕತೆಗೆ ಚೆನ್ನಾಗಿರುವುದಿಲ್ಲ.

ಹೋದ ತಿಂಗಳು ಒಂದು ದಿನ ಅವಳ ಶಾಲೆಗೆ ರಜೆ, ಸೊಸೆಯ ಆಫೀಸಿಗೆ ರಜೆಯಿಲ್ಲ, ಮಗ ಕೆಲಸದ ಮೇಲೆ ಕೊಯಮತ್ತೂರಿಗೆ ಹೋಗಿ ಅಂದು ಸಂಜೆಗೆ ಮರಳುವವನು. ಮಧ್ಯಾಹ್ನ ದೋಸೆ ಹಾಕುತ್ತಿದ್ದೆ. ಮೊಮ್ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ, ಸಿಟ್ಟು ಬಂದರೆ ಇಂಗ್ಲಿಷಿನಲ್ಲಿ.

"ಅಜ್ಜಾ, ಸೌಕಾರ್‌ಪೇಟೆ ಪೋನಪ್ಪೋ ಉಂಗಳುಕ್ಕು ಎನ್ನ ವಯಸು?"

"ಒಂಬತ್ತು."

"ಎನಕ್ಕು ಟೆನ್."

"ಹೌದಲ್ಲ ಮಗಾ."

"ಅಪ್ಪೊ ನಾನ್ ಪೆರಿಯವ."

ಆಗಿನ ನನಗಿಂತ ತಾನು ದೊಡ್ಡವಳು ಎಂದು. ನಾಲ್ಕು ವರ್ಷ ದೋಸೆಯ ಜೊತೆ ತಿಂದದ್ದನ್ನೆಲ್ಲ ಕೂಡಿಸಿ ಅವಳು ಈ ಒಂದು ವಾಕ್ಯ ಮಾಡಿದ್ದಳು. ಅವಳಿಗೆ ಬೇಕಾಗಿದ್ದದ್ದು ಇಷ್ಟೆ: ಶಾಲೆಯ ಪಾಠಕ್ಕೆ ಭಾರತದ ಖಾಲಿ ನಕ್ಷೆ ಬೇಕು, ಅದು ಕೊಳದ ಪಕ್ಕದ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ, ತಾನೊಬ್ಬಳೇ ಹೋಗಿ ತರಬೇಕು. ದೊಡ್ಡ ರಸ್ತೆ ದಾಟುವಂತಿಲ್ಲ. ಹೋಗಲು ಏಳೆಂಟು ನಿಮಿಷ, ಬರಲು ಅಷ್ಟೇ.

"ಒರೇ ಒರು ವಾಟಿ ಅಜ್ಜಾ. ನೀಂಗ ಪಿನ್ನಾಡಿ ವರಕೂಡಾದು." ನಾನು ಹಿಂದೆ ಬರಬಾರದಂತೆ.

"ಬತ್ತಿಲ್ಲ."

"ವಾಚ್‌ಮನ್ ಅಂಕಲ್ ವರಕೂಡಾದು."

"ಅವ್ನೂ ಬತ್ತಿಲ್ಲ."

"ಯಾರುಮೇ ಪಾಕ್ಕಕೂಡಾದು. ಪ್ರಾಮಿಸ್?"

ಯಾರೂ ನೋಡಲೂ ಬಾರದಂತೆ. ಚಾಚಿದ ಆ ಅಂಗೈಯಲ್ಲಿ ಚಟ್ನಿ ಅಂಟಿತ್ತು. "ಯಾರೂ ಕಾಣುದಿಲ್ಲ ಮಗಾ, ಪ್ರಾಮಿಸ್" ಎಂದು ಕೈ ಮೇಲೆ ಕೈ ಇಟ್ಟೆ. ಅವಳು ಅಂಗಿ ಬದಲಿಸಲು ಒಳಗೆ ಓಡಿದಳು. ಬಾಗಿಲು ಹಾಕಿಕೊಂಡ ಸದ್ದಾಯಿತು. ನಾನು ಫೋನು ತೆಗೆದೆ.

ಕೊಳದ ಮೂಲೆಯಲ್ಲಿ ನಮ್ಮ ಕಡೆಯವರ ಹಳೆಯ ಹೋಟೆಲೊಂದು ಇನ್ನೂ ಉಳಿದಿದೆ. ಗಲ್ಲೆಯ ಮೇಲೆ ಕೂರುವವರು ನನ್ನ ಓರಗೆಯವರು, ಅಪ್ಪನ ಕಾಲದಿಂದ ಪರಿಚಯ. ಅವರ ಕುರ್ಚಿಯಿಂದ ಸ್ಟೇಷನರಿ ಅಂಗಡಿ ನೇರ ಕಾಣುತ್ತದೆ. ಮೆಲುದನಿಯಲ್ಲಿ ವಿಷಯ ಹೇಳಿದೆ. ಅವರು ಹಿಗ್ಗಿದರು.

"ಹ್ವಾಯ್, ಅದ್ಕೆಂತ ಅಷ್ಟ್ ಮೆಲ್ಲ ಮಾತಾಡುದ್? ನಾ ಇಲ್ಲ್ ಕೂಕಂಡದ್ ಎಂತಕ್ಕೆ? ನಿಮ್ ಮೊಮ್ಮಗಳ್ ನಂಗೂ ಮೊಮ್ಮಗಳೇ ಅಲ್ದಾ? ಕಂಡ್ಕೂಡ್ಲೆ ಮೆಸೇಜ್ ಹಾಕ್ತೆ."

"ಅವ್ಳಿಗ್ ಗೊತ್ತಾಪ್ಕಾಗ." ಗೊತ್ತಾಗಲೇಬಾರದು ಎಂದು ಒತ್ತಿ ಹೇಳಿದೆ.

"ಎಂತ ಮಾರಾಯ್ರೆ, ನಿಮ್ಮನ್ನೇ ನಾಲ್ಕ್ ವರ್ಷ ಕಾದ್ ಹೋಟ್ಲ್ ಇದ್, ನಿಮ್ಗ್ ಗೊತ್ತಾಯ್ತಾ?"

ಅವರಿಗೂ ಗೊತ್ತಿತ್ತು! ಊರಿಗೆಲ್ಲ ಗೊತ್ತಿತ್ತು ಅಂತಾಯಿತು. ಅದನ್ನು ಯೋಚಿಸಲು ಸಮಯವಿರಲಿಲ್ಲ. ಅವಳು ಹೊರಗೆ ಬಂದಳು. ಶಾಲೆಯ ಬೂಟು ಹಾಕಿಕೊಂಡಿದ್ದಳು, ದೂರದ ಪ್ರಯಾಣಕ್ಕೆಂದು. ಮಣಿಕಟ್ಟಿನ ಪಟ್ಟಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ನಾನು ಹಸಿರು ಗುಂಡಿ ಒತ್ತಿದೆ. ಬಾಲ್ಕನಿಯಿಂದ ನೋಡಿದೆ: ಗೇಟು ದಾಟಿ ಎಡಕ್ಕೆ ತಿರುಗಿ, ಹತ್ತು ಹೆಜ್ಜೆ ಗಂಭೀರವಾಗಿ ನಡೆದು, ಹನ್ನೊಂದನೆಯದಕ್ಕೆ ಕುಪ್ಪಳಿಸಿದಳು. ಹೂ ಮಾರುವ ಹೆಂಗಸಿನ ಬುಟ್ಟಿಯವರೆಗೆ ಒಂದು ಕಾಲಿನ ಮೇಲೆ ಹಾರಿಕೊಂಡೇ ಹೋಗಿ ಮೂಲೆಯಲ್ಲಿ ಮರೆಯಾದಳು. ಅಷ್ಟು ದೂರ ಒಬ್ಬರ ಕೈ ಹಿಡಿಯದೆ ಅವಳು ನಡೆದದ್ದನ್ನು ನಾನು ಹಿಂದೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಗಲ್ಲೆಯವರು ಮಾತಿಗೆ ತಪ್ಪಲಿಲ್ಲ. ಅವಳು ಕಂಡ ಕೂಡಲೆ ಎದ್ದು ಹೊರಗೆ ಬಂದು ಒಂದು ಫೋಟೋ ಹಿಡಿದರು. ಎಲೆಯವನಿಗೆ ಇಲ್ಲದ ಸೌಕರ್ಯ ತಮಗಿದೆಯಲ್ಲ. ಕೆಳಗೆ ಬರೆದರು: "ಹೆಣ್ಣು ಮಗು ಒಬ್ಬಳೇ. ಕೊಳದ ಹತ್ತಿರ. ಈಗ ಕಂಡಿದ್ದು." ಚೊಕ್ಕ ವರದಿ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಳಿಸಿದ್ದು ಮಾತ್ರ ನನಗಲ್ಲ. ಅವರ ಫೋನಿನಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಚೆನ್ನೈಯಲ್ಲಿರುವ ನಮ್ಮ ಕಡೆಯವರ ದೊಡ್ಡ ಗುಂಪು; ಬೆಳಗಿನ ಶುಭೋದಯ, ಸಾವಿನ ಸುದ್ದಿ, ವರನ ಜಾತಕ ಎಲ್ಲ ಬರುವ ಗುಂಪು. ಅದಕ್ಕೆ ಹೋಯಿತು. ಆ ಗುಂಪಿನಲ್ಲಿ ನಾನೂ ಇದ್ದೇನೆ, ಸೊಸೆಯೂ ಇದ್ದಾಳೆ.

ಮುಚ್ಚಿಡುವುದಿಲ್ಲ: ಫೋಟೋ ನೋಡಿ ನನಗೆ ಸಂತೋಷವೇ ಆಯಿತು. ಮಗು ಮುಟ್ಟಿದಳು, ವ್ಯವಸ್ಥೆ ಇನ್ನೂ ಕೆಲಸ ಮಾಡುತ್ತಿದೆ, ಅಪ್ಪನ ಬುದ್ಧಿಯೇ ಬುದ್ಧಿ ಎಂದುಕೊಂಡೆ. ಅದು ಯಾವ ಗುಂಪು ಎಂದು ನೋಡುವಷ್ಟರಲ್ಲಿ ಅದರ ಕೆಳಗೆ ಬೇರೆಯವರು ಬರೆಯತೊಡಗಿದ್ದರು. "ಯಾರ ಮಗು ಇದು? ಪಾಪ." "ಕಳೆದುಹೋಗಿರಬೇಕು." "ಯಾರಾದರೂ ಹತ್ತಿರ ಇದ್ದವರು ಹೋಗಿ." ಕ್ರೋಂಪೇಟೆಯಲ್ಲಿ ಕೂತಿದ್ದ ಒಬ್ಬ ಪರೋಪಕಾರಿ ಅದನ್ನು ತಮಿಳಿಗೆ ತಿರುಗಿಸಿ, ಮಗು ಅಳುತ್ತಿದೆ ಎಂದು ಸ್ವಂತ ಖರ್ಚಿನಿಂದ ಸೇರಿಸಿ, ಮೈಲಾಪೂರಿನ ಇನ್ನೆರಡು ಗುಂಪಿಗೆ ಹಾಕಿದ. ಅಲ್ಲಿಂದ ಅದು ಕೊಳದ ಸುತ್ತಲಿನ ಅಂಗಡಿಯವರ ಫೋನಿಗೆ ಬಂತು. ಹೀಗೆ ನನ್ನ ಮೊಮ್ಮಗಳು ನಿಂತ ಜಾಗದಿಂದ ಹೊರಟ ಸುದ್ದಿ ಇಡೀ ಊರು ಸುತ್ತಿ, ಅವಳು ಅಂಗಡಿಯವನಿಂದ ಚಿಲ್ಲರೆ ಇಸಿದುಕೊಳ್ಳುವ ಹೊತ್ತಿಗೆ ಅವಳು ನಿಂತ ಜಾಗಕ್ಕೇ ಬಂದು ಮುಟ್ಟಿತು.

ಫೋನು ರಿಂಗಾಯಿತು. ಸೊಸೆ ಮೈಸೂರಿನವಳು, ಸಿಟ್ಟಿನಲ್ಲೂ ದನಿ ಏರಿಸುವವಳಲ್ಲ.

"ಮಾವ, ಪಾಪು ಎಲ್ಲಿದಾಳೆ?"

"ಅಂಗಡಿಗೆ ಹೋಗಿದಾಳೆ."

"ಯಾರ ಜೊತೆ?"

ಚಪ್ಪಲಿ ಮೆಟ್ಟದೆ ಓಡಿದೆ.

ಸ್ಟೇಷನರಿ ಅಂಗಡಿಯ ಮುಂದೆ ಜನ. ನಡುವೆ ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನನ್ನ ಮೊಮ್ಮಗಳನ್ನು ಕೂರಿಸಿದ್ದರು. ಒಬ್ಬಾಕೆ ಅವಳ ಮಣಿಕಟ್ಟು ಬಿಗಿಯಾಗಿ ಹಿಡಿದಿದ್ದಳು, ಮಗು ಮತ್ತೆ ಕಳೆದುಹೋಗಬಾರದೆಂದು. ಇನ್ನೊಬ್ಬಾಕೆ ಗೋಲಿ ಸೋಡಾ ಕುಡಿಸಲು ನೋಡುತ್ತಿದ್ದಳು. "ಅಮ್ಮಾ ನಂಬರ್ ಸೊಲ್ಲು ಕಣ್ಣಾ." "ಪಯಪ್ಪಡಾದೇ, ಎಂಗ ವೀಡು?" ಅಮ್ಮನ ನಂಬರು ಹೇಳು, ಹೆದರಬೇಡ, ಮನೆ ಎಲ್ಲಿ ಎಂದು ಸುತ್ತಲೂ ಉಪಚಾರ. ಒಬ್ಬ ವಿಡಿಯೋ ತೆಗೆಯುತ್ತಿದ್ದ. ಎಲ್ಲರೂ ಒಳ್ಳೆಯವರು. ಒಬ್ಬರಲ್ಲೂ ಕೆಟ್ಟ ಮನಸ್ಸು ಹುಡುಕಿದರೂ ಸಿಗುತ್ತಿರಲಿಲ್ಲ. ನಾನು ದಾರಿ ಮಾಡಿಕೊಂಡು ಒಳಗೆ ಹೋಗಿ ನನ್ನ ಮೊಮ್ಮಗಳು ಎಂದರೆ ಸ್ಕೂಟರಿನವನೊಬ್ಬ ಅಡ್ಡ ಬಂದ.

"ತಾತಾ, ಪ್ರೂಫ್ ಇರುಕಾ?"

ಅರವತ್ತು ವರ್ಷದಿಂದ ನಾನು ನಡೆದ ಬೀದಿ. ಪ್ರೂಫ್ ಇರಲಿಲ್ಲ. ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ನನ್ನನ್ನು ನೋಡಿದರೆ ನಾನೇ ನನ್ನ ಕೈಗೆ ಮಗು ಕೊಡುತ್ತಿರಲಿಲ್ಲ. ಅವನು ಬಗ್ಗಿ ಅವಳನ್ನು ಕೇಳಿದ, "ಇವರ್ ಯಾರ್ ಪಾಪಾ?" ಅಲ್ಲಿಯವರೆಗೆ ಅವಳು ಅತ್ತಿರಲಿಲ್ಲ. ನನ್ನನ್ನು ಕಂಡು ಅವಳ ಮುಖದಲ್ಲಿ ಒಂದು ನಿರಾಳ ಬಂತು. ನಾನು ಅವಳ ಮಾತಿಗೆ ಸಾಕ್ಷಿ ಹೇಳುತ್ತೇನೆ, ಇವರಿಗೆಲ್ಲ ಬುದ್ಧಿ ಹೇಳುತ್ತೇನೆ ಎಂಬ ನಂಬಿಕೆ. "ಅಜ್ಜಾ, ಇವಂಗಕಿಟ್ಟೆ ಸೊಲ್ಲುಂಗೋ," ಎಂದಳು, "ನಾನ್ ತನಿಯಾ ವಂದೇನ್‌ನು ಸೊಲ್ಲುಂಗೋ." ತಾನು ಒಬ್ಬಳೇ ಬಂದದ್ದೆಂದು ನಾನು ಇವರಿಗೆಲ್ಲ ಹೇಳಬೇಕಂತೆ.

ನಾನು ಬಾಯಿ ತೆರೆಯುವ ಮುಂಚೆ ಗಲ್ಲೆಯವರು ಏದುಸಿರು ಬಿಡುತ್ತಾ ಬಂದರು. ತಮ್ಮಿಂದಾದ ಎಡವಟ್ಟು ಆಗಷ್ಟೇ ಅವರಿಗೆ ತಿಳಿದಿತ್ತು. ಮಗುವನ್ನು ಸಮಾಧಾನ ಮಾಡುವ ಆತುರದಲ್ಲಿ ಅವಳ ತಲೆ ನೇವರಿಸಿ, ನಮ್ಮ ಚಂದದ ಕುಂದಾಪುರದ ಕನ್ನಡದಲ್ಲಿ ಹೇಳಿದರು:

"ಹೆದ್ರಬೇಡ ಮಗಾ, ನೀ ಕಳ್ದ್ ಹೋಯ್ಲಿಲ್ಲ. ನಿನ್ ಅಜ್ಜನೇ ಫೋನ್ ಮಾಡಿ ನಂಗ್ ಹೇಳಿದ್ರ್, ನಿನ್ ಮೇಲ್ ಒಂದ್ ಕಣ್ಣ್ ಇಡಿ ಅಂದ್ಹೇಳಿ. ನಾ ಕಾಣ್ತಾ ಇದ್ದೆ."

ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ ಎಂದು ಮೊದಲೇ ಹೇಳಿದ್ದೇನೆ.

ಆಗ ಅತ್ತಳು. ಜನಕ್ಕೆಲ್ಲ ಸಮಾಧಾನವಾಯಿತು, ಅಳು ಬಂದರೆ ಮಗು ಕಳೆದುಹೋದದ್ದು ನಿಜವಾಯಿತಲ್ಲ. ಮನೆಗೆ ಬರುವಾಗ ನಕ್ಷೆಯ ಸುರುಳಿಯನ್ನು ಎದೆಗೆ ಒತ್ತಿಕೊಂಡು ನನ್ನಿಂದ ನಾಲ್ಕು ಹೆಜ್ಜೆ ಮುಂದೆ ನಡೆದಳು. ಗೇಟಿನ ಬಳಿ ಬಂದು ಒಮ್ಮೆ ತಿರುಗಿ, "ಯೂ ಪ್ರಾಮಿಸ್ಡ್" ಎಂದಳು. ಇಂಗ್ಲಿಷಿನಲ್ಲಿ.

ಸಂಜೆ ವಿಚಾರಣೆ. ಸೊಸೆ ಬೈಯಲಿಲ್ಲ. ನನಗೆ ನೀರು ತಂದುಕೊಟ್ಟು, ಎದುರಿಗೆ ಕೂತು, "ಮಾವ, ನೀವು ಅವಳನ್ನ ಕಳಿಸಿದ್ದು ತಪ್ಪೋ ಸರಿಯೋ ನಂಗೊತ್ತಿಲ್ಲ. ನಂಗೊಂದು ಮಾತು ಹೇಳಬೋದಿತ್ತು" ಎಂದಳು. ಆಮೇಲೆ ಫೋನು ತೆಗೆದು, ನಾನು ಆಗಲೇ ಬಣ್ಣಿಸಿದ ಅಧಿಕಾರಚ್ಯುತಿಯನ್ನು ನಡೆಸಿ, ಅಡುಗೆಮನೆಗೆ ಹೋದಳು. ಮಗನದ್ದು ಬೇರೆ ರೀತಿ. ಅವನು ಆಗಷ್ಟೇ ಊರಿಂದ ಬಂದವನು, ಬ್ಯಾಗು ಇನ್ನೂ ಹೆಗಲ ಮೇಲಿತ್ತು.

"ಅಪ್ಪಾ, ನನ್ನನ್ನ ನೀವು ಯಾವತ್ತು ಒಬ್ನೇ ಬಿಟ್ರಿ? ಎಂಟನೇ ಕ್ಲಾಸ್ ತನ್ಕ ಸ್ಕೂಟರಲ್ಲಿ ಬಿಡ್ತಿದ್ರಿ. ಫ್ರೆಂಡ್ಸ್ ಎಲ್ಲ ಕಿಂಡಲ್ ಮಾಡ್ತಿದ್ರು. ಬೀಚಿಗೆ ಒಂದು ಸಲ ಕಳಿಸಿದ್ರಾ?"

"ಆಗ ಕಾಲ..."

"ಕಾಲ ಅಲ್ಲ. ಅಜ್ಜಿ ನಂಗೆ ಹೇಳಿದ್ರು, ಆ ಟೈಲರ್ ಮಗನ್ ವಿಷ್ಯ. ಅದನ್ನ ಅವ್ಳಿಗೆ ಹೇಳಿದ್ರಾ? ಹೇಳಿ ಆಮೇಲೆ ಕಳಿಸ್ಬೇಕಿತ್ತು. ಇಲ್ಲಾ ಅಂದ್ರೆ ಕತೆ ಹೇಳೋದನ್ನ ಬಿಡ್ಬೇಕಿತ್ತು."

ಹೇಳಿ ಒಳಗೆ ಹೋದ. ಮೂವತ್ತು ವರ್ಷ ಇಟ್ಟುಕೊಂಡಿದ್ದ ಮಾತು ಅದು ಎಂದು ಅವನ ದನಿಯಲ್ಲೇ ತಿಳಿಯಿತು. ನಾನೊಬ್ಬ ಸ್ವಾತಂತ್ರ್ಯಪ್ರಿಯ ಎಂದು ನನ್ನ ಮನೆಯಲ್ಲಿ ನಂಬಿದ್ದವರು ನಾನು ಮತ್ತು ಆ ಮಗು, ಇಬ್ಬರೇ. ಆ ದಿನದ ಕೊನೆಗೆ ಇಬ್ಬರೂ ನಂಬುತ್ತಿರಲಿಲ್ಲ.

ಎರಡು ವಾರ ಬಿಟ್ಟು, ಅವಳು ಮೇಜಿನ ಮೇಲೆ ಅದೇ ನಕ್ಷೆ ಹರಡಿಕೊಂಡು ನದಿಗಳಿಗೆ ನೀಲಿ ಬಳಿಯುವಾಗ ಹತ್ತಿರ ಕೂತೆ. ಮೊದಲು ಐದನೆಯ ಹುಡುಗನ ಬಗ್ಗೆ ಹೇಳಿದೆ. ಪೂರ್ತಿ ಹೇಳಿದೆ, ಚೆಂಡು ಬಂದದ್ದನ್ನೂ. ಆಮೇಲೆ ಎಲೆಯವನ ಬಗ್ಗೆ ಹೇಳಿದೆ. ಅವಳು ಬ್ರಶ್ಶು ಎತ್ತದೆ ಕೇಳಿದಳು. ಕಡೆಗೆ, ಸ್ವಲ್ಪ ದಿನ ಹೋಗಲಿ, ನಿನ್ನ ಅಮ್ಮನನ್ನು ಕೇಳಿಯೇ ಇನ್ನೊಂದು ಸಲ ಕಳಿಸುತ್ತೇನೆ, ಈ ಸಲ ನಿಜವಾಗಿ ಯಾರಿಗೂ ಹೇಳುವುದಿಲ್ಲ ಎಂದೆ.

ಅವಳು ಗೋದಾವರಿಯನ್ನು ಸಮುದ್ರದವರೆಗೆ ಮುಟ್ಟಿಸಿ ತಲೆಯೆತ್ತಿದಳು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಸಂಶಯ ಕೇಳುವ ವಿದ್ಯಾರ್ಥಿಯ ಹಾಗೆ, ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು.

"ಅದು ನಂಗೆ ಹೇಗೆ ಗೊತ್ತಾಗತ್ತೆ ಅಜ್ಜಾ?"

ಯಾರೂ ನೋಡುತ್ತಿಲ್ಲ ಎಂದು ತೋರಿಸಿಕೊಡುವುದು ಹೇಗೆ? ನನಗೆ ನಲವತ್ತರವರೆಗೆ ಈ ಪ್ರಶ್ನೆ ಹೊಳೆದಿರಲಿಲ್ಲ, ಅದೇ ನನ್ನ ಬಾಲ್ಯ. ಅಪ್ಪ ಕೊಟ್ಟದ್ದೂ ಅದನ್ನೇ ಇರಬೇಕು. ಎಲೆಯವನಿಗೆ ಒಂದು ಕಾಫಿಯ ಬೆಲೆಗೆ. ನಾನು ಅದನ್ನು ಅವಳಿಗೆ ಏಳು ನಿಮಿಷ ಕೊಟ್ಟು ವಾಪಸು ತೆಗೆದುಕೊಂಡೆ. ಅವಳು ಕೃಷ್ಣಾ ನದಿಗೆ ಕೈ ಹಾಕಿದಳು.

ಬೆಳಿಗ್ಗೆ ಶಾಲೆಯ ವ್ಯಾನು ಬರುವ ಹೊತ್ತಿಗೆ ನಾನು ಬಾಲ್ಕನಿಯಲ್ಲಿ ನಿಲ್ಲುವುದು ಹಳೆಯ ರೂಢಿ. ಮೊದಲು ಅವಳು ತಲೆಯೆತ್ತುತ್ತಿರಲಿಲ್ಲ. ಗೆಳತಿಯರನ್ನು ನೋಡಿ ಓಡುತ್ತಿದ್ದಳು. ಈಗ ಗೇಟಿನ ಬಳಿ ನಿಂತು, ಒಮ್ಮೆ ಹೂ ಮಾರುವ ಹೆಂಗಸನ್ನು, ಒಮ್ಮೆ ವಾಚ್‌ಮನ್ನನ್ನು, ಆಮೇಲೆ ಮೇಲಕ್ಕೆ ನಮ್ಮ ಬಾಲ್ಕನಿಯನ್ನು ನೋಡುತ್ತಾಳೆ. ಟಾಟಾ ಮಾಡಲು ಅಲ್ಲ. ನಾನು ಒಣಗಲು ಹಾಕಿದ ನನ್ನ ಪಂಚೆಯ ಹಿಂದಕ್ಕೆ ಸರಿಯುತ್ತೇನೆ. ಪಂಚೆಯ ಕೆಳಗೆ ನನ್ನ ಕಾಲುಗಳು ಕಾಣುತ್ತವೆಂದು ನನಗೂ ಗೊತ್ತು, ಅವಳಿಗೂ ಗೊತ್ತು.